ಜೊತೆಗೆ ನಡೆಯುವವರು

ಓದುಗರ ಪತ್ರ:

“ಸಂಪಾದಕರೇ, ನನಗೆ 46 ವರ್ಷ. ಕಳೆದ ವರ್ಷ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಮೂರನೆಯ ಹಂತ ಎಂದರು. ಶಸ್ತ್ರಚಿಕಿತ್ಸೆ ಆಯಿತು. ಆರು ತಿಂಗಳ ಕೀಮೋ ಮುಗಿದು ಈಗ ಎರಡು ತಿಂಗಳು. ‘ಇನ್ನು ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಡಾಕ್ಟರು ಕಳುಹಿಸಿದ ದಿನ ಮನೆಯವರೆಲ್ಲ ಸಂತೋಷಪಟ್ಟರು. ನನಗೆ ಮಾತ್ರ ಅಂದಿನಿಂದಲೇ ಭಯ ಶುರುವಾಯಿತು. ಬೆರಳು, ಪಾದಗಳು ಜೋಮು ಹಿಡಿದಿವೆ. ಬೆಳಿಗ್ಗೆ ಏಳುವಾಗಲೇ ಸುಸ್ತು. ಯಜಮಾನರು ಒಂದು ಲೋಟ ಎತ್ತಲೂ ಬಿಡುವುದಿಲ್ಲ. ಸಕ್ಕರೆ ಮುಟ್ಟಬೇಡ, ಚಿಂತೆ ಮಾಡಿದರೆ ಕಾಯಿಲೆ ಮರಳಿ ಬರುತ್ತದೆ, ಯಾವಾಗಲೂ ನಗುತ್ತಿರು ಎಂದು ನೆಂಟರು ಹೇಳುತ್ತಾರೆ. ನಗಲಾಗದ ದಿನ, ನಾನೇ ಕಾಯಿಲೆಯನ್ನು ವಾಪಸ್ ಕರೆಯುತ್ತಿದ್ದೇನೆ ಅನಿಸುತ್ತದೆ. ಮೊನ್ನೆ ಮಗಳು ‘ನನಗೂ ಬರುತ್ತದೆಯೇ ಅಮ್ಮಾ?’ ಎಂದು ಕೇಳಿದಳು. ಉತ್ತರ ಹೇಳಲಾಗಲಿಲ್ಲ. ನಾನು ಹೇಗೆ ಬದುಕಬೇಕು? ಹೆಸರು ಪ್ರಕಟಿಸಬೇಡಿ.”

ಸಂಪಾದಕರ ಉತ್ತರ:

ಸೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ನಗಲಾಗದ ದಿನದ ಆ ಸಾಲಿಗೆ ಬಂದು ನಿಂತುಬಿಟ್ಟೆ. ಊಟ, ನಡಿಗೆ, ನಿದ್ದೆಯ ಮಾತು ಆಮೇಲೆ ಇರಲಿ. ಮೊದಲು ಆ ಹೊರೆಯನ್ನು ಇಳಿಸೋಣ.

ಅತ್ತರೆ ಕ್ಯಾನ್ಸರ್ ಮರಳುವುದಿಲ್ಲ. ನಗುತ್ತಿದ್ದರೆ ದೂರ ಉಳಿಯುತ್ತದೆ ಎಂಬುದೂ ಇಲ್ಲ. ಇದನ್ನು ನಿಮ್ಮ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ತಲೆ ಮತ್ತು ಕತ್ತಿನ ಕ್ಯಾನ್ಸರ್ ಆಗಿದ್ದ 1,093 ಮಂದಿಯನ್ನು ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಹೊತ್ತಿಗೆ ಅವರ ಮನಸ್ಸು ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೂ ಅವರು ಎಷ್ಟು ಕಾಲ ಬದುಕಿದರು ಎಂಬುದಕ್ಕೂ ಅದರಲ್ಲಿ ಯಾವ ನಂಟೂ ಕಾಣಲಿಲ್ಲ. ಮನಸ್ಸು ಹಗುರವಾಗಿರುವುದು ಒಳ್ಳೆಯದೇ, ಅದರಿಂದ ದಿನ ಚೆನ್ನಾಗಿ ಕಳೆಯುತ್ತದೆ. ಆದರೆ ಅದು ಔಷಧಿಯಲ್ಲ. ಹಾಗಾಗಿ ಅದನ್ನು ಒಂದು ಹೊತ್ತು ತಪ್ಪಿಸಿದ್ದಕ್ಕೆ ನೀವು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ, ನಿಮಗೆ ನೀವೇ ಕೂಡ.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ತಾಯಿಗೂ ಕ್ಯಾನ್ಸರ್ ಆಗಿತ್ತು. ಅವರು ಭಯದ ಮಾತೆತ್ತಿದಾಗಲೆಲ್ಲ “ಧೈರ್ಯವಾಗಿರಮ್ಮ, ಏನೂ ಆಗುವುದಿಲ್ಲ” ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಮಕ್ಕಳು ಮಾಡಬೇಕಾದ ಕೆಲಸ ಅದೇ ಎಂದು ತಿಳಿದಿದ್ದೆ. ಒಂದು ರಾತ್ರಿ ಅವರು ಹಾಸಿಗೆಯಲ್ಲಿ ಎದ್ದು ಕುಳಿತು, “ನನ್ನ ನೋವನ್ನೂ ನಾನೇ ಹೊರಬೇಕು, ಅದನ್ನು ನೋಡಿ ನೀನು ಹೆದರದ ಹಾಗೆಯೂ ನಾನೇ ನೋಡಿಕೊಳ್ಳಬೇಕು” ಎಂದರು. ಕೋಪದಿಂದ ಹೇಳಿದ್ದಲ್ಲ. ಅವರಿಗೆ ಸಾಕಾಗಿತ್ತು. ಅಂದು ಮೊದಲ ಬಾರಿಗೆ ನಾನು ಸುಮ್ಮನೆ ಕುಳಿತು ಕೇಳಿಸಿಕೊಂಡೆ. ಮರಣದ ಬಗ್ಗೆ, ಅಡವಿಟ್ಟ ಒಡವೆಯ ಬಗ್ಗೆ, ತಂಗಿಯ ಜೊತೆ ಮಾತು ಬಿಟ್ಟದ್ದರ ಬಗ್ಗೆ ಎರಡು ಗಂಟೆ ಮಾತನಾಡಿ, ಬೆಳಗಿನವರೆಗೆ ನಿದ್ದೆ ಮಾಡಿದರು. ನಿಮ್ಮ ನೆಂಟರು ಕೆಟ್ಟವರಲ್ಲ. ಅವರೂ ನನ್ನ ಹಾಗೆ ಹೆದರಿದ್ದಾರೆ, ಅಷ್ಟೇ. ಈ ಪುಟವನ್ನು ಅವರಿಗೆ ಓದಲು ಕೊಡಿ.

ಚಿಕಿತ್ಸೆ ಮುಗಿದ ಮೇಲೆ ಭಯ ಹೆಚ್ಚಾಯಿತಲ್ಲ ಎಂದು ನಿಮಗೇ ವಿಚಿತ್ರವಾಗಿ ಕಂಡಿದೆ. ಅದು ಬಹಳ ಮಂದಿಯ ಅನುಭವ. ಫಿಟ್ಸ್‌ಹ್ಯೂ ಮುಲ್ಲನ್ ಎಂಬ ಅಮೆರಿಕದ ವೈದ್ಯರು ಸ್ವತಃ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು. 1985ರಲ್ಲಿ ಅವರು ಬರೆದ ಮಾತಿನ ಸಾರ ಹೀಗಿದೆ: ಮುಳುಗುತ್ತಿರುವವರನ್ನು ನೀರಿನಿಂದ ಎತ್ತುವ ವಿದ್ಯೆಯನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ಆದರೆ ದಡಕ್ಕೆ ತಂದ ಮೇಲೆ ಕೆಮ್ಮುತ್ತಾ ಉಸಿರಿಗೆ ಒದ್ದಾಡುತ್ತಿರುವವರನ್ನು ಅಲ್ಲಿಯೇ ಬಿಟ್ಟು ಹೊರಟುಬಿಡುತ್ತೇವೆ. ಕೀಮೋ ಇರುವಷ್ಟು ದಿನ ವಾರವಾರವೂ ಯಾರೋ ಒಬ್ಬರು ನಿಮ್ಮನ್ನು ನೋಡುತ್ತಿದ್ದರು, ರಕ್ತ ಪರೀಕ್ಷಿಸುತ್ತಿದ್ದರು, ಏನೋ ಒಂದು ನಡೆಯುತ್ತಿತ್ತು. ಈಗ ಒಮ್ಮೆಲೇ ಎಲ್ಲ ನಿಂತಿದೆ. ನೀವೀಗ ದಡದಲ್ಲಿ ಕುಳಿತು ಉಸಿರು ಹಿಡಿಯುತ್ತಿದ್ದೀರಿ.

ಇನ್ನು ಹೇಗೆ ಬದುಕಬೇಕು ಎಂಬ ಪ್ರಶ್ನೆ. ನಿಮ್ಮದೇ ಕಾಯಿಲೆಗೆ, ನೀವಿರುವ ಘಟ್ಟಕ್ಕೇ ಸರಿಹೊಂದುವ ಒಂದು ದೊಡ್ಡ ಸಂಶೋಧನೆಯ ಫಲಿತಾಂಶ 2025ರಲ್ಲಿ ಹೊರಬಂದಿದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಎರಡನ್ನೂ ಮುಗಿಸಿದ್ದ 889 ಮಂದಿಯನ್ನು, ಹೆಚ್ಚಾಗಿ ಕೆನಡಾ ಮತ್ತು ಆಸ್ಟ್ರೇಲಿಯಾದವರನ್ನು, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮ ಮಾಡಿ, ಒಳ್ಳೆಯ ಆಹಾರ ತಿನ್ನಿ ಎಂದು ಹೇಳುವ ಕೈಪಿಡಿ ಕೊಟ್ಟರು. ಇನ್ನೊಂದು ಗುಂಪಿಗೆ ಕೈಪಿಡಿಯ ಜೊತೆಗೆ ಒಬ್ಬ ತರಬೇತುದಾರರನ್ನೂ ಕೊಟ್ಟರು. ಅವರು ಮೊದಲ ಆರು ತಿಂಗಳು ಎರಡು ವಾರಕ್ಕೊಮ್ಮೆ, ಆಮೇಲೆ ಅಂತರ ಹೆಚ್ಚಿಸಿ, ಒಟ್ಟು ಮೂರು ವರ್ಷ ಪ್ರತಿಯೊಬ್ಬರನ್ನೂ ಕಂಡು ಮಾತನಾಡಿಸಿದರು. ವ್ಯಾಯಾಮವೂ ದೊಡ್ಡದೇನಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಮುಕ್ಕಾಲು ಗಂಟೆ, ಒಂದು ಗಂಟೆ ಚುರುಕಾಗಿ ನಡೆದರೆ ಗುರಿ ಮುಟ್ಟುತ್ತಿತ್ತು. ಎಂಟು ವರ್ಷದ ಲೆಕ್ಕದಲ್ಲಿ ಕೈಪಿಡಿಯ ಗುಂಪಿನಲ್ಲಿ ನೂರಕ್ಕೆ 83 ಮಂದಿ ಉಳಿದಿದ್ದರೆ, ಜೊತೆಗಾರರಿದ್ದ ಗುಂಪಿನಲ್ಲಿ 90 ಮಂದಿ ಉಳಿದಿದ್ದರು. ಕ್ಯಾನ್ಸರ್ ಮರುಕಳಿಸಿದ್ದೂ ಅವರಲ್ಲಿ ಕಡಿಮೆ.

ಇದನ್ನು ಓದಿದವರೆಲ್ಲ ವ್ಯಾಯಾಮದ ಮಹಿಮೆಯನ್ನು ಕೊಂಡಾಡಿದರು, ಅದು ಸರಿಯೇ. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ನಡೆಯುವುದು ಒಳ್ಳೆಯದು ಎಂದು ಎರಡೂ ಗುಂಪಿನವರಿಗೆ ಗೊತ್ತಿತ್ತು. ಅದು ಯಾರಿಗೆ ತಾನೇ ಗೊತ್ತಿಲ್ಲ? ಒಂದು ಗುಂಪಿನವರಿಗೆ ಮಾತ್ರ “ಈ ವಾರ ಹೇಗಾಯಿತು?” ಎಂದು ಕೇಳುವವರಿದ್ದರು. ಸುಸ್ತಾದ ದೇಹ ಬುದ್ಧಿಮಾತಿಗೆ ಎದ್ದು ನಿಲ್ಲುವುದಿಲ್ಲ, ಬಾಗಿಲಲ್ಲಿ ಯಾರಾದರೂ ಕಾಯುತ್ತಿದ್ದರೆ ಎದ್ದು ನಿಲ್ಲುತ್ತದೆ.

ಆದ್ದರಿಂದ ನಿಮ್ಮ ಯಜಮಾನರಿಗೆ ಒಂದು ಮಾತು. ಸ್ವಾಮಿ, ಲೋಟವನ್ನು ಅವರ ಕೈಗೆ ಕೊಟ್ಟುಬಿಡಿ. ನಿಮ್ಮ ಪ್ರೀತಿ ದೊಡ್ಡದು, ಆದರೆ ಅದು ಅವರನ್ನು ಹಾಸಿಗೆಗೆ ಕಟ್ಟಿಹಾಕುತ್ತಿದೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದಷ್ಟೂ ಸಣ್ಣ ಕೆಲಸಕ್ಕೂ ಸುಸ್ತಾಗುತ್ತದೆ, ಸುಸ್ತಾಯಿತೆಂದು ಮತ್ತೆ ಮಲಗಿಸುತ್ತೀರಿ. ಕ್ಯಾನ್ಸರಿನ ದಣಿವು ನಿದ್ದೆಯಿಂದ ತೀರುವ ದಣಿವಲ್ಲ. ಅವರಿಗಾಗಿ ಏನಾದರೂ ಮಾಡಲೇಬೇಕು ಅನಿಸಿದರೆ ದಿನವೂ ಒಂದು ನಿಗದಿತ ಹೊತ್ತಿಗೆ ಚಪ್ಪಲಿ ಮೆಟ್ಟಿ “ಹೋಗೋಣವೇ?” ಎಂದು ಕೇಳಿ. ಅವರು ಬೇಡ ಎಂದ ದಿನ ಒತ್ತಾಯ ಮಾಡಬೇಡಿ. ಮರುದಿನ ಮತ್ತೆ ಕೇಳಿ.

ಸೋದರಿ, ಹೊರಡುವ ಮೊದಲು ವೈದ್ಯರಿಂದ ಕೆಲವು ವಿಷಯ ಖಚಿತಪಡಿಸಿಕೊಳ್ಳಿ. ಇಷ್ಟು ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು, ಖಿನ್ನತೆ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು, ಇವೆಲ್ಲಕ್ಕೂ ಚಿಕಿತ್ಸೆಯಿದೆ. ಹೊಟ್ಟೆಯ ಗಾಯ ಪೂರ್ತಿ ಮಾಗಿದೆಯೇ, ಎಷ್ಟು ಭಾರ ಎತ್ತಬಹುದು ಎಂದೂ ಕೇಳಿ. ಪಾದ ಜೋಮು ಹಿಡಿದಿರುವುದರಿಂದ ನೆಲ ಎಲ್ಲಿದೆ ಎಂಬುದು ಕಾಲಿಗೆ ಸರಿಯಾಗಿ ತಿಳಿಯುವುದಿಲ್ಲ, ಎಡವುವ ಸಂಭವ ಹೆಚ್ಚು. ಜಾರದ, ಹಿಮ್ಮಡಿ ಹಿಡಿದುಕೊಳ್ಳುವ ಪಾದರಕ್ಷೆ ಬೇಕು. ರಾತ್ರಿ ಎದ್ದು ಓಡಾಡುವ ದಾರಿಯಲ್ಲಿ ಬೆಳಕಿರಲಿ. ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದ ನೋಡಬೇಡಿ, ಮೊಣಕೈಯಿಂದ ನೋಡಿ. ಮಲಗುವ ಮುನ್ನ ಪಾದದ ಅಡಿಯಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳಿ. ಜೋಮಿನ ಜೊತೆ ಉರಿ, ನೋವೂ ಇದ್ದರೆ ಡುಲೋಕ್ಸೆಟಿನ್ ಎಂಬ ಮಾತ್ರೆ ಕೆಲವರಿಗೆ ನೆರವಾಗುತ್ತದೆ, ಅದು ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನೇ ಕೇಳಬೇಕು. ಈ ಜೋಮು ಬಹಳ ಮಂದಿಗೆ ತಿಂಗಳುಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಸ್ವಲ್ಪ ಉಳಿದುಬಿಡುತ್ತದೆ.

ಮೊದಲ ವಾರ ಐದು ನಿಮಿಷ ನಡೆದರೆ ಸಾಕು. ಮುಂದಿನ ವಾರ ಏಳೋ ಎಂಟೋ. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಎನ್ನುವ ಮಟ್ಟಕ್ಕೆ ಬಂದು ಅದನ್ನು ಸುಮಾರು 12 ವಾರ ಉಳಿಸಿಕೊಂಡವರಲ್ಲಿ ದಣಿವು, ಆತಂಕ, ಖಿನ್ನತೆ ಮೂರೂ ತಗ್ಗುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ತಜ್ಞರು ಹೇಳಿದ್ದಾರೆ. ಹಿಂದೆ ಹೇಳಿದ ಸಂಶೋಧನೆಯಲ್ಲಿ ನಡೆದವರಿಗೆ ಸ್ನಾಯು, ಕೀಲುಗಳ ನೋವು ತುಸು ಹೆಚ್ಚು ಕಂಡಿತ್ತು, ಹಾಗಾಗಿ ಆತುರ ಬೇಡ. ಇನ್ನೂ ಒಂದು ಮಾತು: ಅವರೆಲ್ಲರೂ ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿದ್ದವರು. ಚಿಕಿತ್ಸೆ ಬಿಟ್ಟು ಬರೀ ನಡೆದರೆ ಸಾಕು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಸಕ್ಕರೆಯ ವಿಷಯ. ಈ ಮಾತಿಗೆ ಒಂದು ಬೇರಿದೆ. ಜರ್ಮನಿಯ ವಿಜ್ಞಾನಿ ಓಟೋ ವಾರ್ಬರ್ಗ್ 1920ರ ದಶಕದಲ್ಲಿ, ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಉಳಿದ ಕೋಶಗಳಿಗಿಂತ ಬಹಳ ಹೆಚ್ಚು ಬಳಸುತ್ತವೆ ಎಂದು ಕಂಡರು. ಅದು ನಿಜ. ಅದರಿಂದ ‘ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಸಾಯುತ್ತದೆ’ ಎಂಬ ತೀರ್ಮಾನಕ್ಕೆ ಹಾರಿದ್ದು ತಪ್ಪು. ನಿಮ್ಮ ಮಿದುಳಿಗೂ ರಕ್ತಕಣಗಳಿಗೂ ಗ್ಲೂಕೋಸ್ ಬೇಕು. ನೀವು ತಿನ್ನದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಅದನ್ನು ತಯಾರಿಸಿಕೊಳ್ಳುತ್ತದೆ. ಉಪವಾಸ ಬೀಳುವುದು ಕ್ಯಾನ್ಸರಲ್ಲ, ನೀವು. ಸಿಹಿ ಮಿತಿಯಲ್ಲಿರಲಿ, ಅದು ಎಲ್ಲರಿಗೂ ಒಳ್ಳೆಯದು. ಆದರೆ ಮಗಳ ಹುಟ್ಟುಹಬ್ಬದ ದಿನ ಒಂದು ತುಂಡು ಸಿಹಿ ತಿಂದು ರಾತ್ರಿಯಿಡೀ ಪಶ್ಚಾತ್ತಾಪ ಪಡಬೇಡಿ.

ಸದ್ಯ ನಿಮಗೆ ಬೇಕಾಗಿರುವುದು ಸ್ನಾಯು ಕಟ್ಟುವ ಊಟ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದರಿಂದ ಒಂದೂವರೆ ಗ್ರಾಂ ಪ್ರೋಟೀನ್ ಎಂಬುದು ಪೋಷಣಾ ತಜ್ಞರು ಕ್ಯಾನ್ಸರ್ ರೋಗಿಗಳಿಗೆ ಹೇಳುವ ಲೆಕ್ಕ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಬೇರೆ. ಒಮ್ಮೆಗೆ ತಟ್ಟೆ ತುಂಬ ತಿನ್ನಲಾಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ತಿನ್ನಿ. ಕರುಳು ಒಪ್ಪಿದ ಹಾಗೆಲ್ಲ ಇಡೀ ಧಾನ್ಯ, ತರಕಾರಿ, ಹಣ್ಣು ಹೆಚ್ಚಲಿ. ಮದ್ಯ, ತಂಬಾಕು ಮನೆಯೊಳಗೇ ಬೇಡ. ಜಾಹೀರಾತು ನೋಡಿ ಕೊಳ್ಳುವ ಪುಡಿ, ಮಾತ್ರೆ, ಕಷಾಯಗಳನ್ನು ನಿಮ್ಮ ವೈದ್ಯರಿಗೆ ತೋರಿಸದೆ ತೆಗೆದುಕೊಳ್ಳಬೇಡಿ. ಗಿಡಮೂಲಿಕೆ ಎಂದ ಮಾತ್ರಕ್ಕೆ ಅದು ಯಕೃತ್ತಿಗೆ ಸುರಕ್ಷಿತ ಎಂದಲ್ಲ.

ನಿಮ್ಮದೇ ದಾರಿಯಲ್ಲಿ ಬಂದವರ ಗುಂಪು ಎಲ್ಲಾದರೂ ಸಿಕ್ಕರೆ ಒಮ್ಮೆ ಹೋಗಿ ಕುಳಿತು ನೋಡಿ. ಇಂಥ ಗುಂಪುಗಳು ಆಯುಸ್ಸನ್ನೇ ಹೆಚ್ಚಿಸುತ್ತವೆ ಎಂಬ ದೊಡ್ಡ ಭರವಸೆ 1989ರ ಒಂದು ಅಧ್ಯಯನದಿಂದ ಹುಟ್ಟಿತ್ತು. ಹರಡಿದ ಸ್ತನ ಕ್ಯಾನ್ಸರ್ ಇದ್ದ 235 ಮಹಿಳೆಯರೊಂದಿಗೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ನಿಲ್ಲಲಿಲ್ಲ. ಆದರೆ ಗುಂಪಿಗೆ ಬಂದವರಿಗೆ ಮನಸ್ಸಿನ ಸಂಕಟವೂ ನೋವೂ ಕಡಿಮೆಯಾಗಿತ್ತು. ನನ್ನ ಮಟ್ಟಿಗೆ ಅದು ಸಣ್ಣ ಲಾಭವಲ್ಲ. ಶಸ್ತ್ರಚಿಕಿತ್ಸೆಯ ನಂತರ ಶೌಚದ ಹೊತ್ತು ಗೊತ್ತು ತಪ್ಪಿ ಹೊರಗೆ ಹೋಗಲು ಅಂಜುವವರು, ಆ ಮಾತನ್ನು ಮನೆಯಲ್ಲಿ ಆಡಲಾರದವರು, ಅಲ್ಲಿ ಎರಡನೆಯ ದಿನವೇ ಆಡಿಬಿಡುತ್ತಾರೆ. ಗುಂಪು ನಿಮಗೆ ಒಗ್ಗದಿದ್ದರೆ ಎದ್ದು ಬನ್ನಿ, ಅದೂ ಸೋಲಲ್ಲ.

ಉಪಶಾಮಕ ಆರೈಕೆ ಎಂಬ ಹೆಸರು ಕೇಳಿದರೆ ಕೊನೆಯ ಹಂತ ಎಂದು ಹೆದರುವವರಿದ್ದಾರೆ. ಹಾಗಲ್ಲ. ನೋವು, ದಣಿವು, ಜೋಮು, ನಿದ್ದೆಗೇಡು, ಮನಸ್ಸಿನ ತಳಮಳ ಇವನ್ನೇ ನೋಡಿಕೊಳ್ಳುವ ವೈದ್ಯಶಾಖೆ ಅದು, ಯಾವ ಹಂತದಲ್ಲಿಯೂ ಕೇಳಿ ಪಡೆಯಬಹುದು.

ರಾತ್ರಿಯ ಭಯಕ್ಕೆ ನನ್ನ ಬಳಿ ಮಂತ್ರವಿಲ್ಲ. ಆಕಾರವಿಲ್ಲದ ಭಯಕ್ಕೆ ಒಂದು ಬೇಲಿ ಹಾಕಬಹುದು, ಅಷ್ಟೇ. ಯಾವ ಲಕ್ಷಣ ಕಂಡರೆ ತಕ್ಷಣ ಫೋನ್ ಮಾಡಬೇಕು, ಯಾವುದನ್ನು ಎರಡು ವಾರ ನೋಡಬಹುದು, ರಕ್ತಪರೀಕ್ಷೆ ಯಾವಾಗ, ಸ್ಕ್ಯಾನ್ ಯಾವಾಗ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಯಾವಾಗ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಬಾಯಿಮಾತು ಸಾಲದು, ಕಾಗದದಲ್ಲಿ ಇರಲಿ. ಹೊಟ್ಟೆಯಲ್ಲಿ ಏನೋ ಹಿಂಡಿದಂತಾದಾಗ ಆ ಕಾಗದ ತೆಗೆದು ನೋಡಿ. ಪರೀಕ್ಷೆಯ ಹಿಂದಿನ ವಾರ ಭಯ ಏರಿಯೇ ಏರುತ್ತದೆ. ಆ ವಾರ ಯಾರು ಜೊತೆಗಿರಬೇಕು ಎಂದು ಮುಂಚೆಯೇ ಗೊತ್ತು ಮಾಡಿಕೊಳ್ಳಿ. ವಾರಗಟ್ಟಲೆ ಊಟ, ನಿದ್ದೆ ಕೆಟ್ಟು ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ಅದು ನಿಮ್ಮ ಸ್ವಭಾವದ ದೌರ್ಬಲ್ಯವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಅದೇ ದಿನ ಮನೆಯವರಿಗೂ ವೈದ್ಯರಿಗೂ ತಿಳಿಸಿ.

ಕೊನೆಗೆ ಮಗಳ ಪ್ರಶ್ನೆ. ಅವಳಿಗೆ “ಇಲ್ಲ, ಬರುವುದಿಲ್ಲ” ಎಂದು ಹೇಳಬೇಡಿ. ನನ್ನ ತಾಯಿಗೆ ನಾನು ಮಾಡಿದ ತಪ್ಪೇ ಅದು. ತಂದೆ ಅಥವಾ ತಾಯಿಗೆ ಈ ಕ್ಯಾನ್ಸರ್ ಬಂದಿದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು, ನಿಜ. ಆದರೆ ಇದು ಮುಂಚಿತವಾಗಿ ತಡೆಯಬಹುದಾದ ಕ್ಯಾನ್ಸರುಗಳಲ್ಲಿ ಒಂದು. ಹೆಚ್ಚಿನ ಗಡ್ಡೆಗಳು ಪಾಲಿಪ್ ಎಂಬ ಸಣ್ಣ ಬೆಳವಣಿಗೆಯಿಂದ ವರ್ಷಗಳ ಕಾಲ ನಿಧಾನವಾಗಿ ಬೆಳೆದು ಬರುತ್ತವೆ. ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಕಂಡಾಗಲೇ ತೆಗೆದುಹಾಕಿದರೆ ಅದು ಮುಂದೆ ಕ್ಯಾನ್ಸರ್ ಆಗುವ ಮಾತಿಲ್ಲ. ಮನೆಯವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಅಥವಾ 40ರಲ್ಲಿ, ಯಾವುದು ಮುಂಚೆಯೋ ಆಗ ಪರೀಕ್ಷೆ ಆರಂಭಿಸುವುದು ಸಾಮಾನ್ಯ ನಿಯಮ. ನಿಮ್ಮ ಮಗಳಿಗೆ ಅದು ಸುಮಾರು 35. ನಿಮ್ಮ ವಿಷಯದಲ್ಲಿ ಇನ್ನೂ ಒಂದನ್ನು ಕೇಳಬೇಕು. 50ಕ್ಕೆ ಮುಂಚೆಯೇ ಕಾಯಿಲೆ ಬಂದಿರುವುದರಿಂದ, ತೆಗೆದ ಗಡ್ಡೆಯನ್ನು ಲಿಂಚ್ ಸಿಂಡ್ರೋಮ್‌ಗಾಗಿ ಪರೀಕ್ಷಿಸಿದ್ದಾರೆಯೇ ಎಂದು. ಅದು ವಂಶದಲ್ಲಿ ಹರಿದು ಬರುವ ದೋಷ. ಈ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಮಾತ್ರ ಇರುತ್ತದೆ. ಇದ್ದರೆ ಮಗಳ ಪರೀಕ್ಷೆ ಇನ್ನೂ ಬೇಗ ಶುರುವಾಗಬೇಕು.

ಮೂರು ತಿಂಗಳ ನಂತರದ ಆ ಭೇಟಿಗೆ ಅವಳನ್ನೂ ಕರೆದುಕೊಂಡು ಹೋಗಿ. ನಿಮ್ಮನ್ನು ಕೇಳಿದ ಪ್ರಶ್ನೆಯನ್ನು ಅಲ್ಲಿ ವೈದ್ಯರ ಮುಂದೆ ಅವಳೇ ಕೇಳಲಿ. ನೀವು ಪಕ್ಕದಲ್ಲಿ ಕುಳಿತಿರಿ.

— ಸಂಪಾದಕರು