‘ಸೈನ್ಸ್ ಬರಲ್ಲ’ ಎನ್ನುವವರಿಗೆ ವೈಜ್ಞಾನಿಕ ಕಥೆ

ಪ್ರಶ್ನೆ: ಎಂ.ಎ. ತರಗತಿಗೆ ವೈಜ್ಞಾನಿಕ ಕಥಾಸಾಹಿತ್ಯ ಪಾಠ ಮಾಡಬೇಕಿದೆ. ‘ನಮಗೆ ಸೈನ್ಸ್ ಬರಲ್ಲ ಮೇಡಂ’ ಎಂದು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಉಪನ್ಯಾಸಕಿ, ಧಾರವಾಡ

ಉತ್ತರ: ರಾಕೆಟ್ಟಿನಿಂದ ಶುರು ಮಾಡಬೇಡಿ. ನಾನು ಮೊದಲು ಓದಿಸುವುದು ರೊಕೆಯಾ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’. 1905ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಬಂದ ಸಣ್ಣ ಕಥೆ ಅದು. ಒಂದೇ ಪೀರಿಯಡ್‌ನಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ಕಥೆಯಲ್ಲಿ ಬರುವ ದೇಶದಲ್ಲಿ ಹೆಂಗಸರು ಆರಾಮಾಗಿ ಬೀದಿಯಲ್ಲಿ ಓಡಾಡುತ್ತಾರೆ, ಗಂಡಸರು ಮನೆಯೊಳಗೆ ಪರದೆಯಲ್ಲಿರುತ್ತಾರೆ. ಹೆಣ್ಣುಮಕ್ಕಳ ಒಂದು ವಿಶ್ವವಿದ್ಯಾಲಯ ಬಲೂನು ಹಾರಿಸಿ ಮೋಡದಿಂದಲೇ ನೀರು ಇಳಿಸುತ್ತದೆ. ಇನ್ನೊಂದು ಬಿಸಿಲಿನ ಶಾಖ ಕೂಡಿಡುತ್ತದೆ. ಅಡುಗೆಯೂ ಬಿಸಿಲಿನದೇ. ಹೊಗೆಯಿಲ್ಲ, ಮಸಿಯಿಲ್ಲ. ಸೌರಶಕ್ತಿಯ ಬಗ್ಗೆ ಅಷ್ಟು ಹಿಂದೆಯೇ ಒಬ್ಬ ಬಂಗಾಳಿ ಮಹಿಳೆ ಹೀಗೆ ಯೋಚಿಸಿದ್ದರು ಅನ್ನೋದು ನನಗೆ ಇವತ್ತಿಗೂ ರೋಮಾಂಚನ!

ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಹೊಸದಾಗಿ ಬಂದ ವಸ್ತು ಯಾವುದು, ಅದರಿಂದ ಯಾರ ಬದುಕು ಬದಲಾಯಿತು? ಹೊಗೆಯಿಲ್ಲದ ಅಡುಗೆಮನೆ ಎಂದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಕೆಮ್ಮಿನ ಬಗ್ಗೆ ಮಾತಾಡಿದಳು. ಅಲ್ಲಿಂದ ಚರ್ಚೆ ತಾನಾಗಿಯೇ ಬೆಳೆಯಿತು. ವಿಮರ್ಶಕ ಡಾರ್ಕೊ ಸುವಿನ್ ಹೇಳುವ ‘ನೋವಮ್’, ಅಂದರೆ ಕಥೆಯ ಲೋಕವನ್ನೇ ಬದಲಿಸುವ ಆ ಹೊಸ ವಸ್ತು, ಆಮೇಲೆ ಬರಲಿ. ಸಿದ್ಧಾಂತ ಮೊದಲೇ ಬೋರ್ಡಿನ ಮೇಲೆ ಬಂದರೆ ಮಕ್ಕಳು ಸುಮ್ನೆ ಬರೆದುಕೊಳ್ಳುತ್ತಾರೆ, ಅಷ್ಟೇ.

ನಂತರ ಕಾರೆಲ್ ಚಾಪೆಕ್‌ನ ರೋಬೋಟುಗಳ ನಾಟಕ ‘ಆರ್.ಯು.ಆರ್.’ನ ಒಂದು ದೃಶ್ಯವನ್ನು ಪಾತ್ರ ಹಂಚಿ ಓದಿಸಿ. ಕನ್ನಡದಲ್ಲಿ ವೈಜ್ಞಾನಿಕ ಕಥೆಗಾರ ರಾಜಶೇಖರ ಭೂಸನೂರಮಠರನ್ನು ಬಿಡಲೇಬೇಡಿ. ಇಂಟರ್ನಲ್ಸ್‌ಗೆ ಲಕ್ಷಣಗಳ ಪಟ್ಟಿ ಕೇಳಬೇಡಿ. ತಮ್ಮೂರಿನಲ್ಲಿ ಒಂದೇ ಒಂದು ವಸ್ತು ಬದಲಾಯಿಸಿ ಎರಡು ಪುಟದ ಕಥೆ ಬರೆಯಲಿ. ಅದಕ್ಕೇ ಜಾಸ್ತಿ ಅಂಕ ಕೊಡಿ.