ಮದುವೆ ಮುಗಿಯುವವರೆಗೆ ಕಾಯಬೇಡಿ

ಕಾಪು ಕಡೆಯ ತಾಯಿಯೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಓದಿ ಮಡಚಿಟ್ಟಿದ್ದೆ, ರಾತ್ರಿ ಎದ್ದು ಮತ್ತೆ ತೆಗೆದೆ. ಉಳಿದ ಪತ್ರಗಳು ಮುಂದಿನ ವಾರಕ್ಕಿರಲಿ.

ವಿಷಯ ಇಷ್ಟು. ಮಗಳಿಗೆ ಏಳು ವರ್ಷ. ಅತ್ತರೆ ಬಲಗೈ ಸೋತು ಜೋತುಬೀಳುತ್ತದೆ, ಮಾತು ತೊದಲುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಮೊದಲು ನೋಡಿದವರು ಹಠ ಎಂದರು, ಆಮೇಲೆ ಫಿಟ್ಸ್ ಎಂದರು. ಕೊನೆಗೆ ಮಣಿಪಾಲದಲ್ಲಿ ಎಂಆರ್‌ಐ, ಆಂಜಿಯೋಗ್ರಾಂ ಆದ ಮೇಲೆ ಮಿದುಳಿನ ರಕ್ತನಾಳ ಕಿರಿದಾಗುವ ಮೋಯಾಮೋಯಾ ಎಂಬ ಕಾಯಿಲೆ ಎಂದು ಗೊತ್ತಾಯಿತು. ಒಂದು ಸಣ್ಣ ಸ್ಟ್ರೋಕ್ ಆಗಲೇ ಆಗಿಹೋಗಿದೆ. ಬೇಗ ಆಪರೇಷನ್ ಮಾಡಿಸಿ ಎಂದಿದ್ದಾರೆ ಡಾಕ್ಟರು. ಆದರೆ ಮೇ ತಿಂಗಳಲ್ಲಿ ಭಾವನ ಮಗಳ ಮದುವೆ, ಅದಕ್ಕೆ ಇನ್ನೂ ನಾಲ್ಕು ತಿಂಗಳುಂಟು. ‘ಶುಭಕಾರ್ಯದ ಮನೆಯಲ್ಲಿ ತಲೆ ಕೊಯ್ಯುವ ಮಾತು ಬೇಡ, ಮಾತ್ರೆ ಕೊಡುತ್ತಿದ್ದೀರಲ್ಲ, ಮುಗಿದ ಮೇಲೆ ನೋಡುವ’ ಎಂದು ಭಾವ. ಮಸ್ಕತ್‌ನಲ್ಲಿರುವ ಗಂಡ ‘ಅಣ್ಣ ಹೇಳಿದ ಹಾಗೆ’ ಎನ್ನುತ್ತಾರೆ. ಅತ್ತೆಗೆ ಮೊದಲು ನಾಗನಿಗೆ ಆಶ್ಲೇಷಾ ಬಲಿ ಪೂಜೆ ಆಗಬೇಕು. ಪತ್ರದ ಮುಕ್ಕಾಲು ಭಾಗ ಅತ್ತೆಯ ಮೇಲಿನ ದೂರೇ. ಅವರನ್ನು ಒಪ್ಪಿಸುವುದು ಹೇಗೆ ಎಂಬುದು ಪ್ರಶ್ನೆ.

ತಂಗಿ, ಮೂರನೇ ಪುಟದ ಕೆಳಗೆ ಒಂದು ಮಾತು ಬರೆದು ಹಾಗೇ ಮುಂದೆ ಹೋಗಿದ್ದೀರಿ. ‘ಈಗ ಅವಳು ಅಳುವುದೇ ಇಲ್ಲ, ತುಂಬಾ ಜಾಣೆಯಾಗಿದ್ದಾಳೆ. ಮೊನ್ನೆ ಪಕ್ಕದ ಮನೆಯ ಹುಡುಗ ಗೊಂಬೆ ಎಳೆದು ಮುರಿದಾಗಲೂ ಲಂಗದ ಅಂಚು ಹಿಡಿದು ಬಾಯಿ ಬಿಗಿದು ನಿಂತಿದ್ದಳು.’

ನನಗೆ ನಿದ್ದೆ ಬಾರದ್ದು ಆ ಲಂಗದ ಅಂಚಿನಿಂದ. ಅತ್ತರೆ ಕೈ ಬಿದ್ದುಹೋಗುತ್ತದೆ, ಅತ್ತರೆ ಅಮ್ಮ ಹೆದರುತ್ತಾಳೆ ಎಂದು ಕಲಿತು, ಏಳು ವರ್ಷದ ಮಗು ತನ್ನ ಅಳುವನ್ನು ತಾನೇ ನುಂಗುತ್ತಿದೆ. ದೊಡ್ಡವರು ತಾರೀಖು ಮುಂದೆ ಹಾಕಿದ್ದೀರಿ, ಅದರ ಭಾರ ಹೊತ್ತವಳು ಅವಳು.

ಮೋಯಾಮೋಯಾ ಜಪಾನಿನ ಮಾತು. ಹೊಗೆಯ ಹಾಗೆ ಮಬ್ಬುಮಬ್ಬಾಗಿರುವುದು ಎಂದರ್ಥ. ಅಲ್ಲಿನ ವೈದ್ಯರು 1969ರಲ್ಲಿ ಈ ಹೆಸರಿಟ್ಟರು. ಕುತ್ತಿಗೆಯಿಂದ ಮಿದುಳಿಗೆ ಏರುವ ದೊಡ್ಡ ರಕ್ತನಾಳಗಳು ತಲೆಬುರುಡೆಯೊಳಗೆ ಕಿರಿದಾಗುತ್ತ ಬರುತ್ತವೆ. ಕೊರತೆ ತುಂಬಲು ಎಳೆ ಎಳೆಯಾದ ಸಣ್ಣ ನಾಳಗಳು ಹಬ್ಬುತ್ತವೆ. ಆಂಜಿಯೋಗ್ರಾಂನಲ್ಲಿ ಹೊಗೆಯಂತೆ ಕಾಣುವುದು ಅವೇ. ಮಗು ಬಿಕ್ಕಿ ಬಿಕ್ಕಿ ಅತ್ತಾಗ ಉಸಿರಾಟ ಜೋರಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ನಾಳಗಳು ಮುದುಡುತ್ತವೆ. ನಿಮಗೆ, ನನಗೆ ಅದು ಲೆಕ್ಕಕ್ಕಿಲ್ಲ. ಅವಳಿಗೆ ಮೊದಲೇ ಸಾಲದ ರಕ್ತ ಇನ್ನಷ್ಟು ಸಾಲದಾಗುತ್ತದೆ. ಬಿಸಿ ಗಂಜಿಯನ್ನು ಊದಿ ಊದಿ ಉಣ್ಣುವಾಗ ಕೈಯಿಂದ ಚಮಚ ಜಾರಿತು ಎಂದು ಬರೆದಿದ್ದೀರಲ್ಲ, ಅದಕ್ಕೂ ಇದೇ ಕಾರಣ.

ಅತ್ತೆಯ ಬಗ್ಗೆ ಒಂದು ಮಾತು. ಅವರು ಗಂಜಿಯನ್ನು ಅಗಲವಾದ ತಟ್ಟೆಗೆ ಸುರಿದು, ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕಿ ಆರಿಸಿ ಕೊಡುತ್ತಾರೆ, ಅದರಿಂದ ಶಾಲೆಗೆ ತಡವಾಗುತ್ತದೆ ಎಂಬುದು ನಿಮ್ಮ ದೂರು. ತಂಗಿ, ಯಾರೂ ಹೇಳಿಕೊಡದೆ ಆ ಮುದುಕಿ ಸರಿಯಾದುದನ್ನೇ ಮಾಡುತ್ತಿದ್ದಾರೆ. ಮನೆಯಲ್ಲಿ ಯಾರು ಬಡಿಸುತ್ತಾರೋ ಅವರ ಕಣ್ಣಿಗೆ ಕಾಣುವುದು ಉಳಿದವರಿಗೆ ಕಾಣುವುದಿಲ್ಲ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಕುಕ್ಕೆಗೋ ಕುಡುಪುವಿಗೋ ಇದೇ ವಾರ ಹೋಗಿ ಅವರ ಹರಕೆ ತೀರಿಸಿ. ಮಗುವನ್ನು ಮಾತ್ರ ಉಪವಾಸ ಇರಿಸಬೇಡಿ, ನೀರು ಕಡಿಮೆಯಾದರೂ ಈ ಕಾಯಿಲೆ ಕೆರಳುತ್ತದೆ.

ನನ್ನ ಸಿಟ್ಟೆಲ್ಲ ನಿಮ್ಮ ಭಾವನ ಮೇಲೆ. ಅವರ ಮಗಳಿಗೆ ಮುಹೂರ್ತ ಇಟ್ಟರು, ಹಾಲ್ ಗೊತ್ತು ಮಾಡಿದರು, ನಿಮ್ಮ ಮಗಳಿಗೆ ‘ಆಮೇಲೆ ನೋಡುವ’. ಮಾತ್ರೆ ಉಂಟಲ್ಲ ಎನ್ನುತ್ತಾರೆ. ಆಸ್ಪಿರಿನ್ ಕೊಡುವುದು ರಕ್ತ ಹೆಪ್ಪುಗಟ್ಟದಿರಲಿ ಎಂದು. ನಾಳ ಕಿರಿದಾಗುವುದನ್ನು ಅದು ನಿಲ್ಲಿಸುವುದಿಲ್ಲ. ಆಪರೇಷನ್‌ನಲ್ಲಿ ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ನಾಳವನ್ನು ಮಿದುಳಿನ ನಾಳಕ್ಕೆ ಜೋಡಿಸುತ್ತಾರೆ, ಇಲ್ಲವೇ ಮಿದುಳಿನ ಮೇಲೆ ಒರಗಿಸಿಡುತ್ತಾರೆ. ಒರಗಿಸಿಟ್ಟಲ್ಲಿಂದ ಹೊಸ ನಾಳಗಳು ಹಬ್ಬಲು ತಿಂಗಳುಗಳೇ ಬೇಕು. ಮೇ ಕಳೆದು ಮಾಡಿಸಿದರೆ ಗುಣ ಕಾಣುವುದು ಯಾವಾಗ? ಅದರ ಮೇಲೆ ಮೇ ತಿಂಗಳ ನಮ್ಮೂರ ಸೆಖೆ, ಕಿಕ್ಕಿರಿದ ಹಾಲ್, ಬೆವರಿ ಓಡಾಡುವ ಮಕ್ಕಳು. ಆ ಮಗುವಿಗೆ ಅದಕ್ಕಿಂತ ಕೆಟ್ಟ ಜಾಗ ನನಗೆ ತೋಚುವುದಿಲ್ಲ.

ಆಪರೇಷನ್‌ಗೂ ಅಪಾಯ ಉಂಟು, ಆ ಹೊತ್ತಿನಲ್ಲೇ ಸ್ಟ್ರೋಕ್ ಆಗುವುದೂ ಉಂಟು. ಸರ್ಜನ್‌ರನ್ನು ನೇರವಾಗಿ ಕೇಳಿ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ಉಂಟು, ತಿರುವನಂತಪುರದ ಶ್ರೀ ಚಿತ್ರಾ ಉಂಟು. ಅದೂ ತಡಮಾಡದೆ. ಈ ನಡುವೆ ಕೈ ಸೋತರೆ ಸರಿಹೋದೀತು ಎಂದು ನೋಡುತ್ತ ಕೂರಬೇಡಿ, ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಓಡಿ. ಅಳು ಬಂದಾಗ ‘ಅಳಬೇಡ’ ಎನ್ನುವುದನ್ನು ಇವತ್ತಿಗೇ ಬಿಡಿ. ತೊಡೆಯ ಮೇಲೆ ಕೂರಿಸಿಕೊಂಡು ನೀವು ನಿಧಾನ ಉಸಿರು ಎಳೆದು ಬಿಡಿ, ಅವಳೂ ಹಾಗೇ ಮಾಡುತ್ತಾಳೆ.

ಮಾಡಬೇಕಾದ್ದು ಒಂದೇ. ನಾಳೆ ಬೆಳಿಗ್ಗೆ ಮಣಿಪಾಲಕ್ಕೆ ಹೋಗಿ ಆಪರೇಷನ್ ತಾರೀಖು ತೆಗೆದುಕೊಂಡು ಬನ್ನಿ. ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ಗಂಜಿ ಊದುವ ವಿಷಯವನ್ನು ಅವರ ಎದುರೇ ಡಾಕ್ಟರಿಂದ ಕೇಳಿಸಿ. ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆಯಿರಿ. ಗಂಡನಿಗೆ ಫೋನ್ ಮಾಡುವುದು ಆಮೇಲೆ, ಅದೂ ‘ಏನು ಮಾಡುವ’ ಎಂದು ಕೇಳಲು ಬೇಡ, ಟಿಕೆಟ್ ಮಾಡಿ ಎನ್ನಲು. ಮಸ್ಕತ್‌ನಿಂದ ಮಂಗಳೂರು ದೂರವೇನಲ್ಲ. ಟಿಕೆಟ್ ಆದ ದಿನ ನನಗೊಂದು ಕಾರ್ಡ್ ಬರೆಯಿರಿ, ತಾರೀಖು ಸಮೇತ.