‘ವ್ಯಕ್ತಿ’ ಅಂತಿದೆಯಾ, ‘ನಾಗರಿಕ’ ಅಂತಿದೆಯಾ, ಅದನ್ನ ಮೊದಲು ನೋಡು

ತಂಗಿ, ನಿನ್ನ ಪ್ರಶ್ನೆ ನನ್ನ ಕೈಗೆ ಬಂದಾಗ ಮಂಡ್ಯದಲ್ಲೇ ಇದ್ದೆ, ರಜೆಗೆ ಅವ್ವನ ಮನೆಗೆ ಬಂದಿದ್ದೆ. ಮದ್ದೂರಿನ ಹುಡುಗಿ, ಮೈಸೂರಲ್ಲಿ ಬಿ.ಇ. ಮುಗಿಸಿ, ಅಕ್ಟೋಬರಿಗೆ ಜರ್ಮನಿಗೆ ಓದೋಕೆ ಹೊರಟಿದ್ದೀಯ. “ನಾವು ಆ ದೇಶದ ಪ್ರಜೆಗಳಲ್ಲವಲ್ಲ ಅಕ್ಕ, ನಮಗೆ ಅಲ್ಲಿ ಹಕ್ಕು ಅಂತ ಏನಾದ್ರೂ ಇರುತ್ತಾ? ಯಾರು ಏನಂದ್ರೂ ತಗ್ಗಿ ಬಗ್ಗಿ ಇರಬೇಕು ಅಂತಾರೆ ಅಪ್ಪ” ಅಂತ ಕೇಳಿದ್ದೀಯ. ಬಾಡಿಗೆ, ಚಳಿ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅನ್ನೋದನ್ನೆಲ್ಲ ಹೇಳೋಕೆ ಬೇಕಾದಷ್ಟು ಜನ ಸಿಗ್ತಾರೆ. ನಾನು ಇದೊಂದಕ್ಕೇ ಉತ್ತರ ಹೇಳ್ತೀನಿ. ನಿಮ್ಮಪ್ಪ ಹೇಳಿದ ಮಾತನ್ನೇ ನಂಬಿಕೊಂಡು ನಾನು ಎರಡು ತಿಂಗಳ ಸಂಬಳ ಬಿಟ್ಟುಬಿಡೋಳಿದ್ದೆ ಕಣವ್ವ.

ಜರ್ಮನಿಯಲ್ಲಿ ಓದುವಾಗ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೀತಿದ್ದೆ. ಮಾಲೀಕ ಎರಡು ತಿಂಗಳು ದುಡ್ಡು ಕೊಡಲಿಲ್ಲ. ಕೇಳಿದ್ದಕ್ಕೆ “ನೀನು ವೀಸಾ ಮೇಲೆ ಬಂದಿರೋಳು, ದೂರು ಕೊಟ್ಟರೆ ನಿನ್ನನ್ನೇ ವಾಪಸ್ ಕಳಿಸ್ತಾರೆ” ಅಂದ. ಹೆದರಿ ಎಷ್ಟೋ ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ಜೊತೆಯಲ್ಲಿ ಓದುತ್ತಿದ್ದವಳೊಬ್ಬಳು ಕೈ ಹಿಡಿದು ಕಾರ್ಮಿಕ ನ್ಯಾಯಾಲಯಕ್ಕೆ ಕರ್ಕೊಂಡು ಹೋದಳು. ಅಲ್ಲಿ ಮೊದಲ ಹಂತಕ್ಕೆ ವಕೀಲರು ಬೇಕಿಲ್ಲ. ನಮ್ಮ ಹೇಳಿಕೆ ಬರೆದುಕೊಳ್ಳೋಕೆ ಅಂತಲೇ ಒಂದು ಕೌಂಟರ್ ಇದೆ. ಅಲ್ಲಿದ್ದಾಕೆ ಯಾವ ದಿನ ಎಷ್ಟು ಗಂಟೆ ಕೆಲಸ ಮಾಡಿದೆ ಅಂತ ಕೇಳಿದರು, ಚೀಟಿ ಇದ್ದರೆ ಕೊಡು ಅಂದರು. ಯಾವ ದೇಶದವಳು ಅಂತ ಕೇಳಲೇ ಇಲ್ಲ. ನ್ಯಾಯಾಧೀಶರು ಇಬ್ಬರನ್ನೂ ಕೂರಿಸಿ ಮಾತಾಡಿಸಿದ ಮೊದಲ ದಿನವೇ ಆತ ಕೊಡ್ತೀನಿ ಅಂತ ಒಪ್ಪಿಕೊಂಡ.

ಆಮೇಲೆ ಆ ದೇಶದ ಸಂವಿಧಾನ ತೆಗೆದು ಕೂತೆ. 1949ರ ಮೇ 23ರಂದು ಬಂದದ್ದು, ‘ಗ್ರುಂಡ್‌ಗೆಸೆಟ್ಸ್’ ಅಂತಾರೆ. ಓದ್ತಾ ಓದ್ತಾ ನನಗೆ ಮುಖ್ಯ ಅನ್ನಿಸಿದ್ದು, ಪ್ರತಿ ವಿಧಿಯೂ ಯಾರ ಬಗ್ಗೆ ಮಾತಾಡುತ್ತೆ ಅನ್ನೋದು. ಒಂದನೇ ವಿಧಿ ಮನುಷ್ಯನ ಘನತೆಯ ಬಗ್ಗೆ, ಜರ್ಮನ್ನರ ಘನತೆ ಅಂತಿಲ್ಲ. ಮೂರನೇ ವಿಧಿಯಲ್ಲಿ ಕಾನೂನಿನ ಮುಂದೆ ಎಲ್ಲ ಮನುಷ್ಯರೂ ಸಮಾನರು. ಐದರಲ್ಲಿ ಮಾತಿನ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇದೆ. ಎಂಟನೇ ವಿಧಿಗೆ ಬಂದರೆ ಮಾತು ಬದಲಾಗುತ್ತೆ: ಸಭೆ ಸೇರೋ ಹಕ್ಕು ‘ಎಲ್ಲ ಜರ್ಮನ್ನರಿಗೆ’. ನಮ್ಮಂಥವರೂ ಮೆರವಣಿಗೆಗೆ ಹೋಗಬಹುದು, ಆದರೆ ಆ ಹಕ್ಕು ಸಾಮಾನ್ಯ ಕಾನೂನಿಂದ ಬಂದದ್ದು. ಸಂವಿಧಾನ ತಿದ್ದೋಕೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಸಾಮಾನ್ಯ ಕಾನೂನನ್ನು ಬದಲಿಸೋದು ಅಷ್ಟು ಕಷ್ಟವಲ್ಲ. ಕಾವೇರಿ ಗಲಾಟೆ ಬಂದಾಗಲೆಲ್ಲ ಸಂಜಯ ವೃತ್ತದಲ್ಲಿ ರಸ್ತೆ ಮೇಲೆ ಕೂತವರನ್ನು ನೋಡಿ ಬೆಳೆದವಳು ನಾನು, ಈ ವ್ಯತ್ಯಾಸ ಸ್ವಲ್ಪ ಚುಚ್ಚಿತು.

ನಮ್ಮ ಸಂವಿಧಾನದಲ್ಲೂ ಹಾಗೇ ಇದೆ, ಹೊರಡೋ ಮುಂಚೆ ಒಮ್ಮೆ ತೆಗೆದು ನೋಡು. 14 (ಕಾನೂನಿನ ಮುಂದೆ ಸಮಾನತೆ), 21 (ಜೀವದ ಹಕ್ಕು), 22 (ಬಂಧನವಾದಾಗ ರಕ್ಷಣೆ), 25ನೇ (ಧರ್ಮದ ಸ್ವಾತಂತ್ರ್ಯ) ವಿಧಿಗಳು ‘ವ್ಯಕ್ತಿ’ಗೆ. 15 (ತಾರತಮ್ಯ ಮಾಡಬಾರದು ಅನ್ನೋದು), 16 (ಸರ್ಕಾರಿ ಕೆಲಸದಲ್ಲಿ ಸಮಾನ ಅವಕಾಶ), 19 (ಮಾತಾಡೋ, ಸಭೆ ಸೇರೋ ಸ್ವಾತಂತ್ರ್ಯ) ನಾಗರಿಕರಿಗೆ ಮಾತ್ರ. ಹೌರಾ ರೈಲು ನಿಲ್ದಾಣದಲ್ಲಿ ರೈಲ್ವೆಯವರದೇ ವಸತಿಗೃಹದಲ್ಲಿ ಬಾಂಗ್ಲಾದೇಶದ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆದಿತ್ತು. ಆಕೆ ಪರದೇಶದವಳು, ಅವಳಿಗ್ಯಾಕೆ ಪರಿಹಾರ ಅಂತ ವಾದ ಬಂತು. 21ನೇ ವಿಧಿಯ ಜೀವದ ಹಕ್ಕು ನಾಗರಿಕರಲ್ಲದವರಿಗೂ ಇದೆ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿ 10 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡೀತು. ಆ ತೀರ್ಪು ಓದಿದ ದಿನ ನನ್ನ ಹೋಟೆಲಿನ ಕೆಲಸ ನೆನಪಾಗಿ ಕಣ್ಣಲ್ಲಿ ನೀರು ಬಂತು.

ನಿಮ್ಮಪ್ಪನ ಭಯವೂ ನನಗೆ ಅರ್ಥವಾಗುತ್ತೆ. ‘ಪ್ರಜೆ’ ಅನ್ನೋ ಪದದಲ್ಲೇ ರಾಜನ ನೆರಳಿದೆ. ರಂಗಾಚಾರ್ಲು ದಿವಾನರಾಗಿದ್ದಾಗ, 1881ರಲ್ಲಿ, ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ದೊಡ್ಡ ಹೆಜ್ಜೆಯೇ. ಆದರೆ ಆ ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು, ತೀರ್ಮಾನ ದಿವಾನರದ್ದು. ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಹಾರಿಸಬಾರದು ಅಂತ ಸರ್ಕಾರ ಅಂದಾಗ ಹಾರಿಸಿ ಜೈಲಿಗೆ ಹೋದವರು ನಿಮ್ಮೂರ ಪಕ್ಕದ ಶಿವಪುರದಲ್ಲಿ, 1938ರಲ್ಲಿ. ಆಗ ಅವರ ಬೆನ್ನಿಗೆ 19ನೇ ವಿಧಿ ಇರಲಿಲ್ಲ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. ಜರ್ಮನಿಯ 79ನೇ ವಿಧಿ, ಎಷ್ಟೇ ಬಹುಮತ ಇದ್ದರೂ ಮುಟ್ಟಬಾರದ ತತ್ವಗಳು ಇವು ಅಂತ ಗೆರೆ ಎಳೆದಿದೆ. ನಾನಿರೋ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಕಾನೂನು ವಿದ್ವಾಂಸ ಡೀಟ್ರಿಶ್ ಕಾನ್ರಾಡ್ 1965ರಲ್ಲಿ ಬನಾರಸ್‌ಗೆ ಬಂದು ತಿದ್ದುಪಡಿಯ ಅಧಿಕಾರಕ್ಕೂ ಮಿತಿ ಇದೆ ಅಂತ ಭಾಷಣ ಮಾಡಿದ್ದರು. 1973ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠ ಸಂವಿಧಾನದ ಮೂಲ ಸ್ವರೂಪ ಬದಲಿಸೋ ಹಾಗಿಲ್ಲ ಅಂದಾಗ ತೀರ್ಪಿನಲ್ಲಿ ಅವರ ವಿಚಾರವೂ ಬಂತು. ಆ ಮೊಕದ್ದಮೆ ಹೂಡಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು, ನಮ್ಮ ಕನ್ನಡದವರು. ನೀನು ಹೋಗ್ತಿರೋ ದೇಶಕ್ಕೂ ನಿನ್ನ ದೇಶಕ್ಕೂ ಇಂಥ ನಂಟಿದೆ.

ಹಕ್ಕಿದೆ ಅಂತ ವೀಸಾದ ಷರತ್ತು ಮೀರಬೇಡ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಲೆಕ್ಕ ಬರೆದಿಟ್ಟುಕೋ. ಅಪರಾಧದ ಅನುಮಾನದ ಮೇಲೆ ಪೊಲೀಸರು ಹಿಡಿದರೆ ಮರುದಿನ ಮುಗಿಯೋದರೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಲೇಬೇಕು. ನಮ್ಮಲ್ಲಿ ಅದು 24 ಗಂಟೆ.

ಮುಂದೆ ಅಲ್ಲೇ ನೆಲೆಸಿದರೆ ಪೌರತ್ವದ ಪ್ರಶ್ನೆ ಬರುತ್ತೆ. ಜರ್ಮನಿ 2024ರ ಜೂನ್‌ನಿಂದ ಎರಡು ಪೌರತ್ವ ಒಪ್ಪುತ್ತೆ, ನಮ್ಮ ದೇಶ ಒಪ್ಪಲ್ಲ. ಅಲ್ಲಿಯದು ತಗೊಂಡ ಕೂಡಲೇ ಇಲ್ಲಿಯದು ಹೋಗುತ್ತೆ. ನಾನು ತಗೊಂಡೆ, ಮಕ್ಕಳು ಅಲ್ಲಿ ಬೆಳೀತಿದ್ದಾರೆ. ಈಗ ಒಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡೋದು) ಇದೆ, ಬಂದು ಹೋಗೋಕೆ ತೊಂದರೆಯಿಲ್ಲ. ವಿ.ಸಿ. ನಾಲೆ ಕೆಳಗೆ ಅಪ್ಪ ಬಿಟ್ಟು ಹೋದ ಕಬ್ಬಿನ ಗದ್ದೆಯಲ್ಲಿ ನನ್ನ ಪಾಲು ನನಗಿದೆ. ಪಕ್ಕದ ಹತ್ತು ಗುಂಟೆ ಮಾರಾಟಕ್ಕೆ ಬಂದಾಗ ಮಾತ್ರ ಕೊಳ್ಳೋಕಾಗಲಿಲ್ಲ, ವ್ಯವಸಾಯದ ಜಮೀನು ಕೊಳ್ಳೋಕೆ ನಮಗೆ ಅವಕಾಶವಿಲ್ಲ.

2024ರ ಏಪ್ರಿಲ್ 26ರಂದು ಮಂಡ್ಯದಲ್ಲಿ ಲೋಕಸಭೆಗೆ ಮತದಾನ. ಅವ್ವನನ್ನ ನಾನು ಓದಿದ ಶಾಲೆಗೆ ಕರ್ಕೊಂಡು ಹೋಗಿ, ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಂತೆ. ಒಳಗೆ ಹೋಗೋ ಸಾಲಲ್ಲಿ ನನ್ನ ಜೊತೆ ಏಳನೇ ಕ್ಲಾಸು ಓದಿದವಳೂ ಇದ್ದಳು. “ಬರಲ್ವಾ?” ಅಂದಳು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ನಿನ್ನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇರೋವರೆಗೂ ನಿನ್ನ ಓಟು ನಿನ್ನದು. ಹೊರದೇಶದಲ್ಲಿ ಇರೋರು ನಮೂನೆ 6ಎ ತುಂಬಿ ಪಾಸ್‌ಪೋರ್ಟಿನಲ್ಲಿರೋ ವಿಳಾಸದ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಅಂಚೆಯಲ್ಲಿ ಕಳಿಸೋಕಾಗಲ್ಲ, ಪಾಸ್‌ಪೋರ್ಟ್ ಹಿಡಿದು ನೀನೇ ಮತಗಟ್ಟೆಗೆ ಬರಬೇಕು. ಆಗುವುದಾದರೆ ಆ ಹೊತ್ತಿಗೆ ರಜೆ ಹಾಕಿ ಬಾ.